ಬಾವಿಗೆ ಬೀಳದ ಅಸ್ಗರಿ

ಮುಳಬಾಗಿಲಿನ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಗೌಸ್ ಮೊಹಿದ್ದೀನ್ ಮೇಷ್ಟರು ಕಥೆ ಬರೆಯುತ್ತಾರೆ ಅನ್ನುವುದು ಊರಿನಲ್ಲಿ ಓದುಬರಹ ಬಲ್ಲವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಅವರ ಮನೆಯಲ್ಲೇ. ಅವರು ಏನೋ ಬರೆಯುವುದನ್ನು ಹೆಂಡತಿ ತಾಜುನ್ನೀಸಾ ದಿನಾ ಕಣ್ಣಾರೆ ನೋಡುತ್ತಿದ್ದಳು, ಅದು ಬೇರೆ ಮಾತು. ಬೆಳಗಿನ ನಮಾಜು ಮುಗಿಸಿ, ನಡುಮನೆಯ ಕಿಟಕಿಯ ಕೆಳಗೆ ಟ್ರಂಕಿನ ಮೇಲೆ ಕಾಗದ ಹರವಿಕೊಂಡು ಕೂತರೆ ಸ್ಕೂಲಿನ ಹೊತ್ತಾಗುವ ತನಕ ಅವರನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಚಹಾದ ಲೋಟ ಪಕ್ಕಕ್ಕಿಟ್ಟು ಅವಳು ಸದ್ದಿಲ್ಲದೆ ಒಳಗೆ ಹೋಗುತ್ತಿದ್ದಳು. ಆ ಕಾಗದದ ಮೇಲೆ ಏನಿದೆ ಎಂದು ಅವಳು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಮನೆಯ ಮಾತು ದಖನಿ, ಬೀದಿಯ ಮಾತು ತೆಲುಗು. ಕನ್ನಡ ಸ್ಕೂಲಿನದು, ಕಚೇರಿಯದು. ಮೇಷ್ಟರ ತಂದೆ ಬಳೆ ವ್ಯಾಪಾರಿ. ಮಗನನ್ನು ಕನ್ನಡ ಶಾಲೆಗೆ ಹಾಕಿದ್ದು ಅದು ಮನೆಗೆ ಹತ್ತಿರ ಅನ್ನುವ ಒಂದೇ ಕಾರಣಕ್ಕೆ. ಹುಡುಗನಿಗೆ ಆ ಭಾಷೆ ಹಿಡಿಸಿಬಿಟ್ಟಿತು. ಓದಿದ, ಪರೀಕ್ಷೆ ಪಾಸು ಮಾಡಿದ, ಅದರಲ್ಲೇ ಅನ್ನ ಹುಟ್ಟಿಸಿಕೊಂಡ. ಶ್ರೀನಿವಾಸಪುರದಿಂದ ಮದುವೆಯಾಗಿ ಬಂದ ತಾಜುನ್ನೀಸಾಗೆ ಕನ್ನಡ ಕಿವಿಗೆ ಬೀಳುತ್ತಿತ್ತು, ಸಂತೆಯಲ್ಲಿ ಬಾಯಿಗೂ ಬರುತ್ತಿತ್ತು. ಅಕ್ಷರ ಮಾತ್ರ ಗೊತ್ತಿರಲಿಲ್ಲ.

ಬರೆದದ್ದನ್ನು ಮೇಷ್ಟರು ಓದುತ್ತಿದ್ದದ್ದು ಭಾನುವಾರ ಸಂಜೆ, ವಾಚನಾಲಯದ ಹಿಂದಿನ ಕೋಣೆಯಲ್ಲಿ. ವಕೀಲರ ಗುಮಾಸ್ತೆ ಕೋದಂಡರಾಮಪ್ಪ ಆ ಗುಂಪಿನ ಹಿರಿಯ. ಇನ್ನೂ ನಾಲ್ಕೈದು ಜನ ಸ್ಕೂಲಿನವರು, ತಾಲ್ಲೂಕು ಕಚೇರಿಯವರು ಸೇರುತ್ತಿದ್ದರು. ಅವರವರು ಬರೆದದ್ದನ್ನು ಅವರವರು ಓದುವುದು, ಉಳಿದವರು ಶೈಲಿ ಚೆನ್ನಾಗಿದೆ ಅನ್ನುವುದು, ಆಮೇಲೆ ಕಾಫಿ ಕುಡಿದು ಏಳುವುದು. ಮೇಷ್ಟರ ಶೈಲಿ ಎಲ್ಲರಿಗಿಂತ ಚೆನ್ನಾಗಿದೆ ಎಂಬ ಮಾತಿತ್ತು. ಮನೆಮಾತು ಕನ್ನಡವಲ್ಲದವನು ಇಷ್ಟು ಶುದ್ಧವಾಗಿ ಬರೆಯುತ್ತಾನಲ್ಲ ಎಂಬ ಬೆರಗೂ ಅದರೊಳಗೆ ಸೇರಿತ್ತು. ಅದು ಮೇಷ್ಟರಿಗೂ ತಿಳಿಯುತ್ತಿತ್ತು. ತಿಳಿದೂ ಅವರು ಇನ್ನಷ್ಟು ಶುದ್ಧವಾಗಿ ಬರೆಯುತ್ತಿದ್ದರು.

ಮೂವತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಮಾಸಪತ್ರಿಕೆ ಅವರ ಕಥೆಯೊಂದನ್ನು ಅಚ್ಚು ಹಾಕಿತು. ಗಂಡ ಬಿಟ್ಟುಹೋದ ಹೆಂಗಸೊಬ್ಬಳು ಮಾವಿನ ತೋಟವನ್ನು ಗುತ್ತಿಗೆ ಹಿಡಿದು, ಒಂದು ನಾಯಿ ಕಟ್ಟಿಕೊಂಡು, ಒಬ್ಬಳೇ ಕಾಯುತ್ತಾಳೆ. ಗಂಡ ಇವತ್ತು ಬಂದಾನು, ನಾಳೆ ಬಂದಾನು ಎಂದು ದಾರಿ ನೋಡಿ ನೋಡಿ, ಕೊನೆಗೆ ಅವನು ಬೇರೆ ಮದುವೆಯಾದ ಸುದ್ದಿ ಕೇಳಿ, ತೋಟದ ಬಾವಿಗೆ ಬಿದ್ದು ಸಾಯುತ್ತಾಳೆ. ಕಥೆ ಹೀಗಿತ್ತು.

ತಾಜುನ್ನೀಸಾ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ನಿಮ್ಮ ಹೆಸರು ಎಲ್ಲಿದೆ?"

ಮೇಷ್ಟರು ಬೆರಳಿಟ್ಟು ತೋರಿಸಿದರು.

"ಯಾರ ಕಥೆ?"

"ಯಾರದೂ ಅಲ್ಲ. ಸುಮ್ನೆ ಕಟ್ಟಿದ್ದು," ಎಂದು ಅವರು ಪತ್ರಿಕೆಯನ್ನು ಅವಳ ಕೈಯಿಂದ ತೆಗೆದುಕೊಂಡು ಟ್ರಂಕಿನಲ್ಲಿಟ್ಟರು.

ಅದು ಯಾರ ಕಥೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಾಜುನ್ನೀಸಾಳ ಅಕ್ಕ ಅಸ್ಗರಿ ಶ್ರೀನಿವಾಸಪುರದಲ್ಲಿದ್ದಳು. ಅವಳ ಗಂಡ ಪೀರ್ ಸಾಬ್ ಚಿನ್ನದ ಗಣಿಯಲ್ಲಿ ಕೆಲಸ ಸಿಕ್ಕಿತೆಂದು ಹೋದವನು ಹಿಂದಿರುಗಲಿಲ್ಲ; ಅಲ್ಲೇ ಇನ್ನೊಂದು ನಿಕಾಹ್ ಮಾಡಿಕೊಂಡ. ಗಂಡ ಗುತ್ತಿಗೆ ಹಿಡಿದಿದ್ದ ತೋಟವನ್ನು ಅಸ್ಗರಿ ತಾನೇ ನಡೆಸಿಕೊಂಡು ಬಂದಳು. ಅವಳಿಗೊಂದು ನಾಯಿಯೂ ಇತ್ತು.

ಆ ಸಲ ಮಾವಿನ ಸುಗ್ಗಿ ಮುಗಿದ ಮೇಲೆ ಅಸ್ಗರಿ ಒಂದು ಬುಟ್ಟಿ ನೀಲಂ ಹಣ್ಣು ತಲೆಯ ಮೇಲಿಟ್ಟುಕೊಂಡು ತಂಗಿಯ ಮನೆಗೆ ಬಂದಳು. ಬಂದ ಮಾರನೆಯ ದಿನವೇ ಕೋದಂಡರಾಮಪ್ಪ ಮೇಷ್ಟರನ್ನು ಹುಡುಕಿಕೊಂಡು ಬಂದರು. ಜಗುಲಿಯ ಮೇಲೆ ಕೂತು, ಅವರಿಗೆ ಸಂತೋಷವಾದಾಗ ಬರುವ ತೆಲುಗಿನಲ್ಲಿ, ಇಡೀ ಬೀದಿಗೆ ಕೇಳುವಂತೆ ಕಥೆಯನ್ನು ಹೊಗಳತೊಡಗಿದರು. ತೋಟದ ಹೆಂಗಸಿನ ಪಾಡು, ಆ ನಾಯಿ, ಬಾವಿಕಟ್ಟೆಯ ಮೇಲೆ ಅವಳು ಚಪ್ಪಲಿ ಬಿಟ್ಟುಹೋದದ್ದು, ನಾಯಿ ಆ ಚಪ್ಪಲಿ ಕಾಯುತ್ತಾ ಕೂತದ್ದು, ಒಂದೂ ಬಿಡಲಿಲ್ಲ. ತಮ್ಮ ಹೆಂಡತಿಗೆ ಓದಿ ಹೇಳಿದಾಗ ಆಕೆ ಊಟ ಬಿಟ್ಟಳಂತೆ. ಮೇಷ್ಟರು ಮಾತು ತಿರುಗಿಸಲು ನೋಡಿದರು, ಆಗಲಿಲ್ಲ. ಬಾಗಿಲ ಪರದೆಯ ಹಿಂದೆ ಅಕ್ಕ ತಂಗಿ ಇಬ್ಬರೂ ಹಣ್ಣು ಬೇರ್ಪಡಿಸುತ್ತ ಕೂತಿದ್ದರು. ತೆಲುಗು ಇಬ್ಬರಿಗೂ ನೀರು ಕುಡಿದಷ್ಟು ಸಲೀಸು.

ಕೋದಂಡರಾಮಪ್ಪ ಹೊರಟ ಮೇಲೆ ಮೇಷ್ಟರು ಒಳಗೆ ಬಂದರು. ಪತ್ರಿಕೆಯಾಗಲೇ ಟ್ರಂಕಿನಿಂದ ಹೊರಗೆ ಬಂದು ಚಾಪೆಯ ಮೇಲಿತ್ತು.

"ಓದಿ," ಎಂದಳು ತಾಜುನ್ನೀಸಾ.

"ಅದು ಕನ್ನಡದಲ್ಲಿದೆ."

"ನಮ್ಮ ಮಾತಲ್ಲಿ ಹೇಳ್ಕೊಂಡು ಓದಿ."

ಮೇಷ್ಟರು ಓದಿದರು. ಒಂದೊಂದೇ ವಾಕ್ಯವನ್ನು ನೋಡಿ ದಖನಿಯಲ್ಲಿ ಹೇಳುತ್ತ ಹೋದರು. ತಾವು ವಾರಗಟ್ಟಲೆ ಕೂತು ತಿದ್ದಿದ ವಾಕ್ಯಗಳು ಹೆಂಡತಿಯ ಎದುರಿಗೆ ದಖನಿಯಲ್ಲಿ ನಿಲ್ಲದೆ ಜಾರತೊಡಗಿದವು. 'ವಿರಹಾಗ್ನಿಯಿಂದ ಬೆಂದ ಹೃದಯ' ಅನ್ನುವುದಕ್ಕೆ ಮಾತೇ ಸಿಗದೆ ಅದನ್ನು ಹಾರಿಸಿದರು. ಬೆಳದಿಂಗಳನ್ನು ವರ್ಣಿಸಿದ ಅರ್ಧ ಪುಟವನ್ನು "ಬೆಳದಿಂಗಳಿತ್ತು" ಎಂದು ಮುಗಿಸಿದರು. ಬಾವಿಯ ಭಾಗವನ್ನು ಬೇಗಬೇಗ ಹೇಳಿದರು. ಓದಿ ಮುಗಿಸಿ ತಲೆ ತಗ್ಗಿಸಿ ಕೂತರು.

ಅಸ್ಗರಿ ಕೈಯಲ್ಲಿದ್ದ ಹಣ್ಣನ್ನು ಬುಟ್ಟಿಗಿಟ್ಟಳು.

"ಗೌಸ್ ಮಿಯಾ, ನಾನು ಬಾವಿಗೆ ಯಾಕೆ ಬೀಳ್ಬೇಕು?"

"ಅದು ನೀವಲ್ಲ ಆಪಾ."

"ನಾನಲ್ದಿದ್ರೆ ನನ್ನ ನಾಯಿಗೇನು ಕೆಲಸ ಅಲ್ಲಿ?"

ಮೇಷ್ಟರು ಪತ್ರಿಕೆ ಮಡಚಿ ಚಾಪೆಯ ಮೇಲಿಟ್ಟರು.

"ನೀನು ನನ್ನ ಬಗ್ಗೆ ಬರ್ದೆ ಅಂತ ನಂಗೆ ಕೋಪ ಇಲ್ಲ. ಬರ್ಕೋ. ಆದ್ರೆ ಕೊಂದಿದ್ದೀಯಲ್ಲ. ಊರವರೆಲ್ಲ ಆಡ್ಕೊಳ್ಳೋವಾಗ ನಾನು ಸಾಯ್ಲಿಲ್ಲ. ನೀನು ಇಲ್ಲಿ ಕೂತು ಸಾಯ್ಸಿಬಿಟ್ಟೆ. ಅಷ್ಟಕ್ಕೂ ಆ ವರ್ಷ ಬಾವೀಲಿ ಮೊಣಕಾಲುದ್ದ ನೀರಿರ್ಲಿಲ್ಲ. ಬಿದ್ದಿದ್ರೆ ಕಾಲು ಮುರೀತಿತ್ತು, ಅಷ್ಟೆ."

ತಾಜುನ್ನೀಸಾಗೆ ನಗು ಬಂತು. ಗಂಡನ ಮುಖ ನೋಡಿ ತಡೆದುಕೊಂಡಳು.

"ಮತ್ತೆ ಆ ಸುದ್ದಿ ಕೇಳಿ ನೀವೇನು ಮಾಡಿದ್ರಿ?" ಎಂದರು ಮೇಷ್ಟರು. ಕೇಳಬೇಕೆಂದು ಕೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಈ ಪ್ರಶ್ನೆಯನ್ನು ತಾನು ಬರೆಯುವ ಮೊದಲೇ ಕೇಳಬಹುದಾಗಿತ್ತು ಎಂದು ಆಮೇಲೆ ಹೊಳೆಯಿತು.

ಅಸ್ಗರಿ ಹೇಳಿದಳು. ತಂಗಿಗೂ ಅದುವರೆಗೆ ಹೇಳದ್ದನ್ನು ಹೇಳಿದಳು.

"ಎರಡು ಬುಟ್ಟಿ ತೋತಾಪುರಿ ಕಟ್ಸಿದೆ. ಚಿಕ್ಕ ರೈಲಲ್ಲಿ ಬೌರಿಂಗ್‌ಪೇಟೆ, ಅಲ್ಲಿಂದ ಗಣಿ. ಗಣಿಯವರ ಮನೆ ಸಾಲಲ್ಲಿ ಅವನಿರೋ ಲೈನು ಯಾವ್ದು ಅಂತ ಕೇಳ್ಕೊಂಡು ಹೋಗಿ, ಅವನ ಮನೆ ಎದುರಿಗೇ ಬುಟ್ಟಿ ಇಳಿಸಿ ಕೂತೆ. ಕೂಗಿದೆ, ಮಾವಿನಕಾಯಿ ಅಂತ. ಅವನು ಹೊರಗೆ ಬಂದ. ನನ್ನ ನೋಡಿದ. ನೋಡಿ ಒಳಗೆ ಹೋಗಿ ಹಿಂದಿನ ಬಾಗ್ಲಲ್ಲಿ ಪರಾರಿ. ನಾನು ಬೈಬೇಕು ಅಂತ ದಾರಿಯುದ್ದಕ್ಕೂ ಮಾತು ಕೂಡಿಸ್ಕೊಂಡು ಹೋಗಿದ್ದೆ, ಎಲ್ಲಾ ದಂಡ ಆಯ್ತು."

"ಆಮೇಲೆ?"

"ಆಮೇಲೆ ಆ ಹುಡುಗಿ ಬಂದ್ಲು. ಚಿಕ್ಕವಳು. ಮೈಯಲ್ಲಿ ರಕ್ತ ಇಲ್ಲ, ಬಸುರಿ. ಕಾಯಿ ಎಷ್ಟು ಅಂದ್ಲು. ನಾನು ಯಾರು ಅಂತ ಅವಳಿಗೆ ಗೊತ್ತಿಲ್ಲ. ಅಲ್ಲೇ ಒಂದು ಕಾಯಿ ಹೆಚ್ಚಿ, ಉಪ್ಪು ಖಾರ ಹಚ್ಚಿ ಕೊಟ್ಟೆ. ಬಾಗಿಲ ಮೆಟ್ಲ ಮೇಲೆ ಕೂತು ತಿಂದ್ಲು. ವಾಂತಿ ಆಗ್ತಿತ್ತಂತೆ, ಅನ್ನ ಸೇರ್ತಿರ್ಲಿಲ್ಲವಂತೆ, ಇದು ಸೇರಿತು ಅಂತ ಇನ್ನೊಂದು ಕೇಳಿದ್ಲು. ಅವಳ ಅಮ್ಮ ಇಲ್ಲ. ಹೆರಿಗೆಗೆ ಯಾರಿದ್ದಾರೆ ಅಂದೆ. ಯಾರೂ ಇಲ್ಲ ಅಂದ್ಲು. ಒಂದು ಬುಟ್ಟಿ ಅವಳಿಗೇ ಬಿಟ್ಟು, ಇನ್ನೊಂದು ಅಲ್ಲೇ ಮಾರ್ಕೊಂಡು ಸಾಯಂಕಾಲದ ರೈಲಿಗೆ ಬಂದೆ. ಅವತ್ತಿಂದ ಅವನ ದಾರಿ ನೋಡೋದು ಬಿಟ್ಟೆ. ನೋಡೋಕೆ ಏನಿದೆ."

ಅಷ್ಟು ಹೇಳಿ ಅಸ್ಗರಿ ಮತ್ತೆ ಹಣ್ಣು ಆರಿಸತೊಡಗಿದಳು. ತಾಜುನ್ನೀಸಾ ಅಕ್ಕನ ಮೊಣಕಾಲಿನ ಮೇಲೆ ಕೈಯಿಟ್ಟು ಕೂತಿದ್ದಳು.

ಮೇಷ್ಟರಿಗೆ ಆ ವಾರವೆಲ್ಲ ಬೆಳಗ್ಗೆ ಟ್ರಂಕಿನ ಮುಂದೆ ಕೂರಲು ಮನಸ್ಸಾಗಲಿಲ್ಲ. ಕೂತರೂ ಬರೆದ ಸಾಲು ಸುಳ್ಳೆನಿಸುತ್ತಿತ್ತು. ಆಮೇಲೆ ಒಂದು ದಿನ ಅಸ್ಗರಿ ಹೇಳಿದ್ದನ್ನೇ, ಅವಳು ಹೇಳಿದ ಹಾಗೇ, ಬೆಳದಿಂಗಳು ಸೇರಿಸದೆ ಬರೆದರು. ಬರೆಯುವಾಗ ಅವಳ ಮಾತಿನ ಓಟವನ್ನು ಕನ್ನಡಕ್ಕೆ ತರುವುದು ಇಷ್ಟು ಕಷ್ಟವೇ ಎಂದು ಬೆವರಿದರು. ಹತ್ತು ವರ್ಷ ಶ್ರಮಪಟ್ಟು ಕಲಿತ ಪದಗಳು ಒಂದೂ ಉಪಯೋಗಕ್ಕೆ ಬರಲಿಲ್ಲ.

ಭಾನುವಾರದ ಗುಂಪಿನಲ್ಲಿ ಓದಿದರು. ಶೈಲಿ ಚೆನ್ನಾಗಿದೆ ಎಂದು ಯಾರೂ ಅನ್ನಲಿಲ್ಲ. ಕೊನೆಗೆ ಕೋದಂಡರಾಮಪ್ಪ, "ಮೇಷ್ಟ್ರೇ, ಮೊದಲಿನ ಕಥೆ ಕೆಡಿಸಿಬಿಟ್ರಿ. ಇದು ನಡೆದದ್ದು ಇರಬಹುದು. ಆದ್ರೆ ಕಥೆ ಅಲ್ಲ," ಎಂದರು.

"ಯಾಕಲ್ಲ?"

"ಅವಳು ಸುಮ್ನೆ ರೈಲು ಹತ್ತಿ ವಾಪಸ್ಸು ಬಂದ್ರೆ ಓದಿದವರಿಗೆ ಕಣ್ಣೀರು ಹೇಗೆ ಬರುತ್ತೆ?"

ಪತ್ರಿಕೆಯವರೂ ಅದನ್ನು ಹಿಂದಕ್ಕೆ ಕಳಿಸಿದರು. ಇದೇ ವಸ್ತುವಿನ ಕಥೆ ಈಗಾಗಲೇ ನಮ್ಮಲ್ಲಿ ಬಂದಿದೆ ಎಂಬ ಒಂದು ಸಾಲು ಬರೆದಿದ್ದರು. ಮೇಷ್ಟರು ಅದನ್ನು ಟ್ರಂಕಿಗೆ ಹಾಕಿ ಬೀಗ ಜಡಿದರು.

ಕಥೆ ಅಲ್ಲಿಗೆ ಸತ್ತಿತು ಎಂದುಕೊಂಡರು. ಆದರೆ ತಾಜುನ್ನೀಸಾ ಬಿಡಲಿಲ್ಲ. ಗಂಡ ಬರೆಯುವುದು ಏನು ಎಂದು ಒಮ್ಮೆ ತಿಳಿದ ಮೇಲೆ ಪ್ರತಿ ಶುಕ್ರವಾರ, ಜುಮ್ಮಾದ ಸಂಜೆ ಅವರು ಸ್ಕೂಲಿನಿಂದ ಬಂದು ಚಹಾ ಮುಗಿಸುತ್ತಲೇ, "ಈ ವಾರದ್ದು ತೆಗೀರಿ," ಎನ್ನತೊಡಗಿದಳು. ಮೇಷ್ಟರು ಓದುವರು, ಅವಳು ಹೊಲಿಗೆ ಹಿಡಿದು ಕೇಳುವಳು. ಹಾಲು ತಂದುಕೊಡುವ ಪಕ್ಕದ ಮನೆಯ ಚಿಕ್ಕಗಂಗಮ್ಮ ಒಂದು ದಿನ ಪಾತ್ರೆಗೆಂದು ಬಂದವಳು ಹಿತ್ತಿಲ ಬಾಗಿಲಲ್ಲೇ ಕೂತಳು. ಮಾರನೆಯ ವಾರ ಮಗಳನ್ನೂ ಕರೆತಂದಳು. ಹೀಗೆ ಬೀದಿಯ ಹೆಂಗಸರು ಒಬ್ಬೊಬ್ಬರೇ ಸೇರಿದರು. ಗೋಷಾದವರು ಪರದೆಯ ಒಳಗೆ, ಉಳಿದವರು ನಡುಮನೆಯಲ್ಲಿ. ಮೇಷ್ಟರು ಪರದೆಯ ಈಚೆ ಕೂತು ಕನ್ನಡದಲ್ಲಿ ಓದುತ್ತಿದ್ದರು. ಯಾರಿಗಾದರೂ ತಿಳಿಯದಿದ್ದರೆ ತಾಜುನ್ನೀಸಾ ದಖನಿಯಲ್ಲೋ ತೆಲುಗಿನಲ್ಲೋ ಎರಡು ಮಾತು ಹೇಳಿ ಸರಿಮಾಡುತ್ತಿದ್ದಳು.

ಈ ಗುಂಪು ಶೈಲಿಯ ಮಾತೆತ್ತಲಿಲ್ಲ. ಬೇಜಾರಾದರೆ ತಮ್ಮತಮ್ಮಲ್ಲೇ ಮಾತಿಗೆ ಶುರುಮಾಡುತ್ತಿತ್ತು. ಆ ಜಾಗದಲ್ಲಿ ಮೇಷ್ಟರು ಹಾಳೆಯ ಅಂಚಿಗೆ ಸಣ್ಣ ಗೆರೆ ಎಳೆದುಕೊಳ್ಳುತ್ತಿದ್ದರು. ಗೆರೆ ಬಿದ್ದ ಭಾಗಗಳನ್ನು ಬೆಳಗ್ಗೆ ನೋಡಿದರೆ ಬಹುಮಟ್ಟಿಗೆ ಅವು ಅವರಿಗೇ ಬಹಳ ಮೆಚ್ಚುಗೆಯಾದ ಭಾಗಗಳಾಗಿರುತ್ತಿದ್ದವು. ಮೊದಮೊದಲು ಇದು ಸಂಕಟವಾಗಿತ್ತು.

"ಮೇಷ್ಟ್ರೇ, ಆ ಅತ್ತೆ ಬಾಯಿಗೆ ಇಷ್ಟುದ್ದ ಮಾತು ಹಾಕಿದ್ದೀರಲ್ಲ," ಎಂದಳು ಒಮ್ಮೆ ಚಿಕ್ಕಗಂಗಮ್ಮ, ಅತ್ತೆ ಸೊಸೆಯ ಕಥೆಯೊಂದನ್ನು ಕೇಳಿ. "ನಮ್ಮತ್ತೆ ಹಂಗೆ ಉದ್ದಕ್ಕೆ ಮಾತಾಡಿದ್ರೆ ಹೆದರ್ತಾನೇ ಇರ್ಲಿಲ್ಲ ನಾನು. ಮಾತೇ ಆಡ್ತಿರ್ಲಿಲ್ಲ ಆಯಮ್ಮ. ಸುಮ್ಕೆ ನೋಡೋಳು."

ಮೇಷ್ಟರು ಆ ಮಾತನ್ನು ಹೊಡೆದುಹಾಕಿದರು. ಅತ್ತೆ ಸುಮ್ಮನೆ ನೋಡಿದಳು. ಮುಂದಿನ ಶುಕ್ರವಾರ ಓದಿದಾಗ ಪರದೆಯ ಹಿಂದೆ ಯಾರೋ "ಯಾ ಅಲ್ಲಾ" ಎಂದು ಉಸಿರೆಳೆದುಕೊಂಡದ್ದು ಕೇಳಿಸಿತು.

ಬೀಗ ಹಾಕಿಟ್ಟಿದ್ದ ಅಸ್ಗರಿಯ ಕಥೆಯನ್ನೂ ತಾಜುನ್ನೀಸಾ ಹೊರಗೆ ತೆಗೆಸಿದಳು. ಅದನ್ನು ಕೇಳಿದವರು ಅದನ್ನೇ ಮತ್ತೆ ಕೇಳಿದರು. ಮೇಷ್ಟರಿಗೆ ಹೊಸದು ಓದುವ ಆಸೆ. ಹೆಂಗಸರಿಗೆ ಮಾವಿನಕಾಯಿಯದೇ ಬೇಕು.

ಯುದ್ಧ ಶುರುವಾಗಿ ಕೆಲವು ವರ್ಷಕ್ಕೆ ಮೇಷ್ಟರಿಗೆ ಮಾಲೂರಿಗೆ ವರ್ಗವಾಯಿತು. ಸಂಸಾರವನ್ನು ಮುಳಬಾಗಿಲಿನಲ್ಲೇ ಬಿಟ್ಟು, ಮಾಲೂರು ಸ್ಟೇಷನ್ನಿನ ಹತ್ತಿರ ಒಂದು ಕೋಣೆ ಹಿಡಿದರು. ಸುತ್ತ ಇಟ್ಟಿಗೆ ಗೂಡುಗಳ ಹೊಗೆ, ರೈಲಿನ ಸದ್ದು. ಕಾಗದ ಸಿಗುತ್ತಿರಲಿಲ್ಲ. ಕಥೆ ಕಳಿಸುತ್ತಿದ್ದ ಪತ್ರಿಕೆಗಳು ತೆಳ್ಳಗಾಗಿ, ಒಂದೆರಡು ನಿಂತೇಹೋದವು. ಹಳೆಯ ಪರೀಕ್ಷೆಯ ಉತ್ತರ ಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಬರೆಯುತ್ತಿದ್ದರು. ಬರೆದದ್ದನ್ನು ಕೇಳುವವರು ಅಲ್ಲಿ ಇರಲಿಲ್ಲ. ಯಾರಿಗಾಗಿ ಬರೆಯುವುದು ಎಂಬ ಯೋಚನೆ ಬಂದ ದಿನ ಪೆನ್ನು ಮುಚ್ಚಿ ಸ್ಟೇಷನ್ನಿನ ಕಡೆ ಅಡ್ಡಾಡಿ ಬರುತ್ತಿದ್ದರು.

ರಜೆಗೆ ಊರಿಗೆ ಹೋಗುವುದೆಂದರೆ ಕೋಲಾರದಲ್ಲಿ ಬಸ್ಸು ಬದಲಿಸಬೇಕು. ಪೆಟ್ರೋಲಿಲ್ಲದ ಕಾಲ, ಬಸ್ಸಿನ ಹಿಂದೆ ಒಲೆ ಕಟ್ಟಿ ಇದ್ದಿಲು ಉರಿಸಿ ಓಡಿಸುತ್ತಿದ್ದರು. ಏರು ಬಂದರೆ ಬಸ್ಸು ನಿಲ್ಲುವುದು, ಜನ ಇಳಿಯುವುದು, ಕ್ಲೀನರು ಒಲೆಯ ಕೈ ತಿರುಗಿಸುತ್ತ ಬೆಂಕಿ ಎಬ್ಬಿಸುವುದು. ಒಂದು ಮಧ್ಯಾಹ್ನ ಹಾಗೇ ನಿಂತಾಗ ಎಲ್ಲರೂ ಹುಣಿಸೆಮರದ ನೆರಳಿಗೆ ಬಂದು ಕೂತರು. ಸುಗಟೂರಿನ ಮುನಿಶಾಮಮ್ಮ ಅನ್ನುವವಳು, ಕುರುಡುಮಲೆಯಲ್ಲಿದ್ದ ಮಗಳಿಗೆ ತರಕಾರಿ ಮೂಟೆ ಕಟ್ಟಿಕೊಂಡು ಹೊರಟವಳು, ಪಕ್ಕದವಳ ಜೊತೆ ಮಾತಿಗಿಳಿದಳು. ಪಕ್ಕದವಳ ಅಳಿಯ ಗಣಿಯಲ್ಲಿದ್ದಾನೆ ಎಂಬುದರಿಂದ ಮಾತು ಎದ್ದಿತು.

"ಗಣಿ ಅಂದ್ರೆ ಹುಷಾರಾಗಿರ್ಬೇಕಮ್ಮ," ಎಂದಳು ಮುನಿಶಾಮಮ್ಮ. "ಶ್ರೀನಿವಾಸಪುರದಾಗೆ ಒಬ್ಬ ಸಾಬರ ಆಯಮ್ಮ ಇದ್ಲು. ಗಂಡ ಗಣಿಗೆ ಹೋಗಿ ಇನ್ನೊಂದು ಕಟ್ಕೊಂಡ. ಆಯಮ್ಮ ಏನ್ ಮಾಡಿದ್ಲು ಗೊತ್ತಾ? ಎರಡು ಬುಟ್ಟಿ ಮಾವಿನಕಾಯಿ ಹೊತ್ಕೊಂಡು ಅವನ ಮನೆ ಮುಂದೇನೇ ಹೋಗಿ ಕೂತ್ಲು."

ಮೇಷ್ಟರು ಮರದ ಬೊಡ್ಡೆಗೆ ಒರಗಿದ್ದವರು ನೆಟ್ಟಗಾದರು.

ಮುನಿಶಾಮಮ್ಮ ಚೆನ್ನಾಗಿ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಕನ್ನಡಕ್ಕೆ ದಾಟುತ್ತಿದ್ದಳು. ಸುತ್ತ ಕೂತವರು ಒಬ್ಬೊಬ್ಬರೇ ಇತ್ತ ತಿರುಗಿದರು. ಅವಳ ಬಾಯಲ್ಲಿ ಪೀರ್ ಸಾಬ್ ಹಿಂದಿನ ಬಾಗಿಲಲ್ಲಿ ಓಡಿದ್ದು ಇನ್ನಷ್ಟು ಹೊತ್ತು ನಡೆಯಿತು; ಅವನು ಕೋಳಿಗೂಡಿಗೆ ಎಡವಿ ಬಿದ್ದ. ಮೆಟ್ಟಿಲ ಮೇಲೆ ಕೂತ ಹುಡುಗಿಯೂ ಉಪ್ಪು ಖಾರವೂ ಹಾಗೇ ಇದ್ದವು. ಆದರೆ ಕಥೆ ರೈಲಿನಲ್ಲಿ ಮುಗಿಯಲಿಲ್ಲ. ಮುಂದಿನ ವರ್ಷ ಆ ಹುಡುಗಿ ಕೂಸನ್ನು ಎತ್ತಿಕೊಂಡು ತೋಟ ಹುಡುಕಿಕೊಂಡು ಬಂದಳು. ನೀವು ಯಾರು ಅಂತ ಆಮೇಲೆ ತಿಳೀತು, ಅಕ್ಕಾ ಅಂದಳು. ಆಯಮ್ಮ ಕೂಸನ್ನು ಇಸಕೊಂಡು ಮಾವಿನ ಮರಕ್ಕೆ ಜೋಲಿ ಕಟ್ಟಿದಳು.

ಕೇಳಿದವರಲ್ಲಿ ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಮಗೆ ಇದನ್ನ ಯಾರು ಹೇಳಿದ್ದು?" ಎಂದು ಮೇಷ್ಟರು ಕೇಳಿದರು.

"ಯಾರು ಹೇಳೋದೇನು ಸಾಮಿ, ಎಲ್ರಿಗೂ ಗೊತ್ತು. ನಮ್ಮೂರಿಗೆ ಮುಳಬಾಗಿಲಿಂದ ಒಂದು ಹುಡುಗಿ ಸೊಸೆಯಾಗಿ ಬಂದವ್ಳೆ, ಚಿಕ್ಕಗಂಗಮ್ಮನ ಮಗಳು. ಅವಳೂ ಹೇಳ್ತಾಳೆ."

"ಅದನ್ನ ಬರೆದದ್ದು ನಾನು."

ಮುನಿಶಾಮಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಮುಖದಲ್ಲಿ ಹಾಸ್ಯವಿರಲಿಲ್ಲ. ಪಾಪ ಎನ್ನುವ ಭಾವವಿತ್ತು.

"ಇದ್ರಾಗೆ ಬರೆಯೋಕೇನೈತೆ ಸಾಮಿ? ನಡೆದಿದ್ದಲ್ವಾ."

ಕ್ಲೀನರು ಕೂಗಿದ. ಎಲ್ಲರೂ ಬಸ್ಸು ಹತ್ತಿದರು. ಮುಳಬಾಗಿಲು ಬರುವ ತನಕ ಮೇಷ್ಟರ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ತನ್ನದನ್ನು ಯಾರೋ ಕಿತ್ತುಕೊಂಡ ಹಾಗೆ ಮೊದಲು ಉರಿಯಿತು. ಆಮೇಲೆ, ತನ್ನದು ಅನ್ನುವುದಾದರೂ ಹೇಗೆ, ಅದು ಅಸ್ಗರಿಯದಲ್ಲವೆ ಅನ್ನಿಸಿತು. ಪತ್ರಿಕೆಯವರು ಬೇಡವೆಂದ ಹಾಳೆಗಳು ಟ್ರಂಕಿನಲ್ಲೇ ಇದ್ದವು, ಕಥೆ ಮಾತ್ರ ಸುಗಟೂರಿಗೆ ಹೋಗಿ ಮುಟ್ಟಿತ್ತು. ಅದೂ ಬೆಳೆದಿತ್ತು. ಆ ಜೋಲಿ ತನಗೆ ಯಾಕೆ ಹೊಳೆಯಲಿಲ್ಲ ಎಂದು ನಿಜಕ್ಕೂ ಹೊಟ್ಟೆಕಿಚ್ಚಾಯಿತು.

ತಾಜುನ್ನೀಸಾಗೆ ಹೇಳಿದರೆ ಅವಳು ಅಚ್ಚರಿಪಡಲಿಲ್ಲ.

"ನೀವು ಊರಲ್ಲಿಲ್ಲದಾಗ ಶುಕ್ರವಾರ ನಾವು ಸುಮ್ನೆ ಇರ್ತೀವಿ ಅಂದ್ಕೊಂಡ್ರಾ? ನೆನಪಿಗೆ ಬಂದದ್ದು ಹೇಳ್ತೀವಿ. ಒಬ್ಬೊಬ್ರು ಒಂದೊಂದು ಸೇರಿಸ್ತಾರೆ."

"ನನ್ನ ಕಥೇನ ಕೆಡಿಸ್ತೀರಿ."

"ಕೆಟ್ಟಿದ್ಯಾ?"

ಇಲ್ಲ ಎಂದರು ಮೇಷ್ಟರು.

ರಜೆ ಮುಗಿಸಿ ಮಾಲೂರಿಗೆ ಹಿಂದಿರುಗಿದವರೇ ಹೆಡ್‌ಮಾಸ್ತರರನ್ನು ಕೇಳಿ, ಶನಿವಾರ ಸಂಜೆ ಸ್ಕೂಲಿನ ಜಗುಲಿಯಲ್ಲಿ ಕಥೆ ಓದಲು ಶುರುಮಾಡಿದರು. ಬಂದವರು ಯಾರಾದರೂ ಸರಿ. ಬರೆದದ್ದಿದ್ದರೆ ಓದಬಹುದು, ಬರೆಯಲು ಬಾರದವರು ಹೇಳಬಹುದು. ಹೇಳಿದ್ದನ್ನು ಮೇಷ್ಟರು ಬರೆದು, ಮುಂದಿನ ವಾರ ಹೇಳಿದವರ ಹೆಸರು ಹಿಡಿದೇ ಓದುತ್ತಿದ್ದರು. ಇಟ್ಟಿಗೆ ಗೂಡಿನವರು ಕೈಕಾಲು ತೊಳೆದು ಬಂದು ಕೂರುತ್ತಿದ್ದರು. ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದ ಕದಿರೇಶ ಎಂಬಾತ ಒಂದು ಸಂಜೆ ಕಥೆಯೊಂದನ್ನು ತಂದ. ಕ್ಷಯರೋಗದ ನಾಯಕಿ ಹೂವಿನ ಹಾಸಿಗೆಯ ಮೇಲೆ ಪ್ರಾಣ ಬಿಡುವ ಕಥೆ.

ಮೇಷ್ಟರು ಪೂರ್ತಿ ಕೇಳಿ, "ಇದನ್ನ ನಿಮ್ಮ ತಾಯಿಗೆ ಓದಿ ಹೇಳಿದ್ರಾ?" ಎಂದರು.

"ಅವರಿಗೆ ಇದೆಲ್ಲ ತಿಳಿಯಲ್ಲ ಸಾರ್."

"ಓದಿ ಹೇಳಿ ಬನ್ನಿ."

ಮುಂದಿನ ಶನಿವಾರ ಕದಿರೇಶ ಬಾಡಿದ ಮುಖ ಹೊತ್ತು ಬಂದ. ಅವನ ತಾಯಿ ಕೇಳುತ್ತ ಕೇಳುತ್ತ ನಿದ್ದೆಹೋದರಂತೆ. ಎಲ್ಲಿ ನಿದ್ದೆ ಬಂತು, ಆ ಜಾಗ ತೋರಿಸಿ ಎಂದರು ಮೇಷ್ಟರು. ಇಬ್ಬರೂ ಕೂತು ಆ ಜಾಗ ನೋಡಿದರು. ಕದಿರೇಶ ಸಿಟ್ಟಾಗಿ ಒಂದು ತಿಂಗಳು ಬರಲಿಲ್ಲ. ಬಂದಾಗ ಟಿಕೆಟ್ ಕಿಟಕಿಯ ಕಂಡಿಯಲ್ಲಿ ಕಾಣುವ ಕೈಗಳ ಬಗ್ಗೆ ಎರಡು ಪುಟ ಬರೆದು ತಂದಿದ್ದ. ಮುಖ ಕಾಣದು, ಕೈ ಮಾತ್ರ ಕಾಣುವುದು. ಅದನ್ನು ಓದಿದಾಗ ಗೂಡಿನ ಕೆಲಸದ ಹೆಂಗಸೊಬ್ಬಳು ತನ್ನ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡದ್ದನ್ನು ಮೇಷ್ಟರು ನೋಡಿದರು. ಕದಿರೇಶನೂ ನೋಡಿದ.

ಈ ಶನಿವಾರಗಳಿಂದ ಮೇಷ್ಟರ ಸ್ವಂತ ಬರವಣಿಗೆ ಕುಂಟಿತು ಎಂದೇ ಹೇಳಬೇಕು. ಇನ್ನೊಬ್ಬರದನ್ನು ಬರೆದುಕೊಳ್ಳುವುದರಲ್ಲಿ, ತಿದ್ದುವುದರಲ್ಲಿ ಬೆಳಗುಗಳು ಹೋಗುತ್ತಿದ್ದವು. ಇದು ಅವರನ್ನು ಕಾಡುತ್ತಿತ್ತು. ಕೊನೆಗೆ ಬೆಳಗ್ಗೆ ತನ್ನದನ್ನು ಬಿಟ್ಟು ಬೇರೆ ಹಾಳೆ ಮುಟ್ಟುವುದಿಲ್ಲ ಎಂದು ಕಟ್ಟು ಹಾಕಿಕೊಂಡರು. ಕಟ್ಟು ಆಗಾಗ ಮುರಿಯುತ್ತಿತ್ತು.

ಯುದ್ಧ ಮುಗಿದು, ಕಾಗದ ಮತ್ತೆ ಕಣ್ಣಿಗೆ ಕಾಣುವಂತಾದ ಮೇಲೆ ಕೋಲಾರದ ಒಂದು ಅಚ್ಚುಕೂಟದವರು ಈ ಕಥೆಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡಲು ಒಪ್ಪಿದರು. ಮೇಷ್ಟರದು ಅರ್ಧ, ಉಳಿದವರದು ಅರ್ಧ. ಅಸ್ಗರಿಯ ಕಥೆಯನ್ನೂ ಸೇರಿಸಬೇಕೆಂದಿತ್ತು. ಈ ಸಲ ಕೇಳದೆ ಹಾಕಬಾರದೆಂದು ಮೇಷ್ಟರು ತಾಜುನ್ನೀಸಾಳನ್ನು ಕರೆದುಕೊಂಡು ಶ್ರೀನಿವಾಸಪುರಕ್ಕೆ ಹೋದರು.

ಅಸ್ಗರಿಗೆ ವಯಸ್ಸಾಗಿತ್ತು, ಆದರೂ ತೋಟ ಬಿಟ್ಟಿರಲಿಲ್ಲ. ಮರಗಳು ಹೂ ಬಿಟ್ಟಿದ್ದವು. ಹುಲ್ಲಿನ ಗುಡಿಸಲ ಮುಂದೆ ಚಾಪೆ ಹಾಸಿ ಕೂರಿಸಿದಳು. ಮೇಷ್ಟರು ಅಚ್ಚಿಗೆ ಹೋಗುವ ಪ್ರತಿಯನ್ನು ಮೊದಲಿಂದ ಓದಿದರು. ಅಸ್ಗರಿ ನಡುವೆ ಒಂದೆರಡು ಕಡೆ ತಿದ್ದಿದಳು.

"ನನ್ನ ಹೆಸರು ಹಾಕು," ಎಂದಳು. "ಪೀರ್ ಸಾಬನ ಹೆಸರು ಬೇಡ. ಆ ಹುಡುಗೀದೂ ಬೇಡ. ಅವಳು ಏನು ಮಾಡಿದ್ಲು ಪಾಪ."

ಮೇಷ್ಟರು ಬರೆದುಕೊಂಡರು. ಆಮೇಲೆ ಮುನಿಶಾಮಮ್ಮ ಮರದ ಕೆಳಗೆ ಹೇಳಿದ್ದನ್ನು ಹೇಳಿದರು. ಆ ಹುಡುಗಿ ಕೂಸಿನ ಜೊತೆ ತೋಟಕ್ಕೆ ಬಂದದ್ದು, ಜೋಲಿ ಕಟ್ಟಿದ್ದು. ಹೇಳಿ, "ಅವಳು ಬಂದಿದ್ಲಾ ಆಪಾ?" ಎಂದು ಕೇಳಿದರು.

ಅಸ್ಗರಿ ಗಾಳಿಗೆ ಉದುರಿದ ಮಾವಿನ ಹೂವನ್ನು ಚಾಪೆಯಿಂದ ಕೈಯಲ್ಲಿ ಸರಿಸಿದಳು.

"ಬರ್ಲಿಲ್ಲ. ಹೆರಿಗೆ ಆಯ್ತೋ ಇಲ್ವೋ, ಅವಳಿದ್ದಾಳೋ ಇಲ್ವೋ, ಗೊತ್ತಿಲ್ಲ. ಎರಡು ಸಲ ಹೇಳಿ ಕಳ್ಸಿದ್ದೆ. ಆ ಲೈನಿಂದ ಎಲ್ಲೋ ಹೋದ್ರಂತೆ."

"ಹಾಗಾದ್ರೆ ಅದನ್ನ ಬಿಡ್ತೀನಿ. ರೈಲು ಹತ್ತಿ ಬಂದಲ್ಲಿಗೆ ಮುಗಿಸ್ತೀನಿ."

"ನಕ್ಕೋ, ಬಿಡ್ಬೇಡ," ಎಂದಳು ಅಸ್ಗರಿ. "ಬರೀ. ಬಂದಿದ್ಲು ಅಂತ ಬರೀ."

"ಅದು ನಡೆದದ್ದಲ್ಲವಲ್ಲ ಆಪಾ. ಬಾವಿದು ಸುಳ್ಳು ಅಂತ ನೀವೇ ಬೈದಿದ್ರಿ."

"ಬಾವಿಗೆ ಬೀಳೋಕೆ ನಾನು ಒಂದು ದಿನಾನೂ ಯೋಚ್ನೆ ಮಾಡಿದವಳಲ್ಲ. ಆ ಹುಡುಗಿ ಬಂದಾಳು ಅಂತ ಮಾತ್ರ ಒಂದೆರಡು ವರ್ಷ ನೋಡ್ತಿದ್ದೆ. ಬರೀ. ಆ ಜೋಲಿ ರಸಪುರಿ ಮರಕ್ಕೆ ಕಟ್ಟು. ನೆರಳು ಚೆನ್ನಾಗಿರುತ್ತೆ."

ಮೇಷ್ಟರು ತೋಟದ ಕಡೆ ನೋಡಿ, ರಸಪುರಿ ಯಾವುದೆಂದು ಕೇಳಿದರು. ಅಸ್ಗರಿ ಎದ್ದು ಕರೆದುಕೊಂಡು ಹೋಗಿ ತೋರಿಸಿದಳು. ಕೊಂಬೆ ಎಷ್ಟು ಎತ್ತರಕ್ಕಿದೆ, ಕೈಗೆ ಎಟುಕುತ್ತದೆಯೆ ಎಂದು ಮೇಷ್ಟರು ಕೈಯೆತ್ತಿ ನೋಡಿದರು. ತಾಜುನ್ನೀಸಾ ತನ್ನ ದುಪಟ್ಟಾವನ್ನು ಕೊಂಬೆಯ ಮೇಲೆ ಹಾಕಿ, ಎರಡೂ ತುದಿ ಹಿಡಿದು ಜಗ್ಗಿ, ಭಾರ ತಡೆಯುತ್ತದೆ ಎಂದಳು.

ಪುಸ್ತಕ ಬಂತು. ಬೆಂಗಳೂರಿನಲ್ಲಿ ಅದರ ಬಗ್ಗೆ ಯಾರೂ ಬರೆಯಲಿಲ್ಲ. ಕೋಲಾರ, ಮಾಲೂರು, ಮುಳಬಾಗಿಲಿನಲ್ಲಿ ಪ್ರತಿಗಳು ಖರ್ಚಾದವು. ಖರ್ಚಾದದ್ದಕ್ಕಿಂತ ಕೈಯಿಂದ ಕೈಗೆ ಹೋದದ್ದು ಹೆಚ್ಚು. ಕದಿರೇಶ ತನ್ನ ಪ್ರತಿಯನ್ನು ತಾಯಿಯ ಕೈಗಿಟ್ಟು ಕಾಲಿಗೆ ಬಿದ್ದನಂತೆ. ಅದಾಗಿ ವರ್ಷದೊಳಗೆ ಮೇಷ್ಟರು ಮತ್ತೆ ಮುಳಬಾಗಿಲಿಗೆ ವರ್ಗ ಮಾಡಿಸಿಕೊಂಡು ಬಂದರು. ಮಾಲೂರಿನ ಶನಿವಾರಗಳನ್ನು ಕದಿರೇಶ ನಡೆಸಿಕೊಂಡು ಹೋದ.

ಮನೆಯ ಶುಕ್ರವಾರಗಳಲ್ಲಿ ಈಗ ಮೇಷ್ಟರು ಓದುತ್ತಿರಲಿಲ್ಲ. ಕನ್ನಡ ಶಾಲೆಗೆ ಹೋಗುತ್ತಿದ್ದ ಮಗಳು ಸಯೀದಾ ಒಳಗೆ ಹೆಂಗಸರ ನಡುವೆ ಕೂತು ಓದುತ್ತಿದ್ದಳು. ಮೇಷ್ಟರು ಜಗುಲಿಯ ಗೋಡೆಗೆ ಒರಗಿ, ಪೆನ್ಸಿಲ್ ಹಿಡಿದು, ತಮ್ಮ ಕರಡು ಪ್ರತಿ ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದರು. ಒಂದು ಶುಕ್ರವಾರ ಹೊಸ ಕಥೆ. ಮುದುಕನೊಬ್ಬ ಸತ್ತ ಹೆಂಡತಿಯ ಬಳೆಗಳನ್ನು ಮಾರಲು ಸಂತೆಗೆ ಹೋಗಿ, ಮಾರದೆ ಹಿಂದಿರುಗುವ ಜಾಗ. ಮೇಷ್ಟರಿಗೆ ಬರೆಯುವಾಗಲೇ ಕಣ್ಣು ಮಂಜಾಗಿತ್ತು. ಸಯೀದಾ ಅದನ್ನು ಓದುತ್ತಿದ್ದಂತೆ ಒಳಗಿನಿಂದ ನಗು ಕೇಳಿಸಿತು. ಒಬ್ಬರದಲ್ಲ, ಎಲ್ಲರದೂ.

"ಸ್ವಲ್ಪ ನಿಲ್ಲೇ," ಎಂದು ತಾಜುನ್ನೀಸಾ ಮಗಳಿಗೆ ಹೇಳಿದ್ದು ಕೇಳಿಸಿತು. "ಮೇಲಿಂದ ಓದ್ಕೊಂಡು ಬಾ. ಮೆಲ್ಲಗೆ."

ಮೇಷ್ಟರು ಹಾಳೆ ತಿರುಗಿಸಿ, ಸಾಲಿನ ಮೇಲೆ ಪೆನ್ಸಿಲ್ ಇಟ್ಟುಕೊಂಡು, ಎಲ್ಲಿ ನಗುತ್ತಾರೋ ಎಂದು ಕಿವಿಗೊಟ್ಟು ಕೂತರು.